ಆರು ಎನ್ನುವಷ್ಟರಲ್ಲಿ

ಕುರುಗೋಡಿನಲ್ಲಿ ಮೇಸ್ತ್ರಿಯ ಮಣ್ಣಿಗೆ ಹೋಗಿ ಬಂದು ಇವತ್ತಿಗೆ ಒಂಬತ್ತು ದಿನ. ಬಹಳ ಜನ ಬಂದಿರಲಿಲ್ಲ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿದ್ದ ಟಯರ್ ಅಂಗಡಿಯವನು ಹೇಳಿದ, ‘ಎಷ್ಟು ಗಾಡಿ ನೋಡ್ಯಾನ್ರೀ ಮನಷ್ಯಾ. ಒಂದು ತಪ್ಪಿದ ನೋಡ್ರಿ, ಅದರಾಗ ಎಲ್ಲಾ ಹೋತು.’ ನಾನು ‘ಹೌದು’ ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತರೂ ಆ ಹೌದು ಗಂಟಲಿನಿಂದ ಇಳಿಯಲಿಲ್ಲ. ಇದನ್ನು ಬರೆಯಲು ಕೂತದ್ದು ಅದಕ್ಕೇ.

ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಕೋಣೆ ಹಿಡಿದು ವಾಹನಗಳ ಕಾಗದಪತ್ರ ಮಾಡಿಸಿಕೊಡುವವನು. ಹೆಸರು ಬದಲಾವಣೆ, ಬೇರೆ ರಾಜ್ಯದ ಗಾಡಿಗೆ ನಮ್ಮ ನಂಬರು, ಇಂಥವು. ಜೊತೆಗೆ ಹಳೆಯ ಗಾಡಿ ಮಾರುವವರನ್ನೂ ಕೊಳ್ಳುವವರನ್ನೂ ಎದುರು ಬದುರು ಕೂರಿಸುವ ಕೆಲಸ. ಎದುರಿಗೆ ಏಜೆಂಟರು ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೋ ನಾನು ತಿರುಗಿ ನೋಡಲು ಹೋಗಿಲ್ಲ. ಮೇಸ್ತ್ರಿಗೂ ಒಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಈಗಾಗಲೇ ಕೆಡಿಸಿದ್ದು ಸಾಕು.

ಅದಿರಿನ ಕಾಲದಲ್ಲಿ ನಮ್ಮ ಊರಿಗೆ ದೊಡ್ಡ ದೊಡ್ಡ ವಿದೇಶಿ ಜೀಪುಗಳು ಬಂದವು. ಗುಡ್ಡ ಹತ್ತುವ, ಮರಳಿನಲ್ಲಿ ಈಜುವ, ಒಳಗೆ ಕೂತರೆ ದಿವಾನಖಾನೆಯಂತಿರುವ ಗಾಡಿಗಳು. ಆ ಧೂಳು ಇಳಿದ ಮೇಲೆ ಧಣಿಗಳು ಹೋದರು, ಗಾಡಿಗಳು ಉಳಿದವು. ಕೈಯಿಂದ ಕೈಗೆ ದಾಟುತ್ತ ಎರಡನೆಯವರ, ನಾಲ್ಕನೆಯವರ ಅಂಗಳ ಸೇರಿದವು. ಆ ರುಚಿ ಹತ್ತಿದ ಮೇಲೆ ಹೊರ ರಾಜ್ಯಗಳಿಂದಲೂ ಬರತೊಡಗಿದವು. ಗಾಡಿ ಒಂದು, ಅದು ಹೇಳಿಕೊಳ್ಳುವುದು ಇನ್ನೊಂದು. ಕೆಳಗಿನ ಮಾಡೆಲ್ಲಿಗೆ ಮೇಲಿನ ಮಾಡೆಲ್ಲಿನ ಅಕ್ಷರ ಅಂಟಿಸಿ, ಸೀಟಿಗೆ ಚರ್ಮ ಹೊಲಿಸಿ, ಗಾಲಿ ಬದಲಿಸಿ ತಂದು ನಿಲ್ಲಿಸಿದರೆ ನನ್ನಂಥವನಿಗೆ ಎಲ್ಲವೂ ಒಂದೇ ಕಾಣುತ್ತಿತ್ತು. ಮೇಸ್ತ್ರಿಗೆ ಹಾಗೆ ಕಾಣುತ್ತಿರಲಿಲ್ಲ. ಕುರುಗೋಡು ರಸ್ತೆಯಲ್ಲಿ ಅವರದೊಂದು ತಗಡಿನ ಷೆಡ್ಡು. ರಿಪೇರಿ ಕೆಲಸ ಎಂದೋ ಬಿಟ್ಟಿದ್ದರು. ಗಾಡಿ ನೋಡಿ ‘ಹೌದು’ ಅಥವಾ ‘ಅಲ್ಲ’ ಎಂದು ಹೇಳುವುದೇ ಅವರ ಕೆಲಸವಾಗಿತ್ತು.

ಖಾಕಿ ಅಂಗಿ, ಮಡಚಿ ಕಟ್ಟಿದ ಲುಂಗಿ, ಕಿವಿಯ ಮೇಲೆ ಒಂದು ಮೋಟು ಪೆನ್ಸಿಲ್. ಜೇಬಿನಲ್ಲಿ ಹೆಂಡತಿಯ ಕುಂಕುಮದ ಡಬ್ಬಿಯಿಂದ ಕಿತ್ತ ಒಂದು ದುಂಡನೆಯ ಕನ್ನಡಿ. ಅದನ್ನು ಎಂಜಿನ್ನಿನ ಸಂದಿಗೆ ಹಿಡಿದು, ನಮ್ಮ ತಲೆ ತೂರದ ಕಡೆ ಕಣ್ಣು ತೂರಿಸುತ್ತಿದ್ದರು. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದರು. ಕಾಗದದಲ್ಲಿ ಅಂಕಿಗಳು ಮೂಡಿ ಬರುವುದನ್ನು ನೋಡುತ್ತ, ‘ಈ ಎಂಟು ಆಮ್ಯಾಲೆ ಬಂದ ಎಂಟು, ಇದರ ಅಣ್ಣತಮ್ಮರು ಬ್ಯಾರೆ’ ಎಂದರೆ ಮುಗಿಯಿತು, ಆ ನಂಬರು ಯಾರೋ ಮತ್ತೆ ಹೊಡೆದದ್ದು. ಬಾಗಿಲು, ಚಾವಣಿಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು. ಸಂತೆಯಲ್ಲಿ ಹೆಂಗಸರು ಗಡಿಗೆ ತಟ್ಟಿ ಕೊಳ್ಳುವಂತೆ. ಬಣ್ಣದ ಒಳಗೆ ನೆಗ್ಗು ಮುಚ್ಚಲು ಪುಟ್ಟಿ ಮೆತ್ತಿದ್ದರೆ ದನಿ ಸತ್ತಿರುತ್ತಿತ್ತು.

ನಾನು ಮೊದಲ ಸಲ ಅವರನ್ನು ಕಂಡದ್ದು ಒಬ್ಬ ಕಂಟ್ರಾಕ್ಟರರ ಮನೆಯ ಮುಂದೆ. ಮಾರಲು ನಿಂತ ಗಾಡಿಯ ಹಿಂಬಾಗಿಲಿನ ಮೇಲೆ ಬೆಳ್ಳಿ ಬಣ್ಣದ ಅಕ್ಷರಗಳು ಹೊಳೆಯುತ್ತಿದ್ದವು. ಎಲ್ಲಕ್ಕಿಂತ ಮೇಲಿನ ಮಾಡೆಲ್ ಎಂದು ಅವು ಹೇಳುತ್ತಿದ್ದವು. ಮೇಸ್ತ್ರಿ, ‘ಒಂದ್ ಚಂಬು ನೀರು ಕೊಡ್ರಿ’ ಎಂದರು. ಕುಡಿಯಲಿಕ್ಕೆಂದು ಮನೆಯವರು ತಣ್ಣೀರು ತಂದುಕೊಟ್ಟರು. ಅದನ್ನು ಬಾಗಿಲ ಮೇಲೆ ಸುರಿದು, ಕುಕ್ಕರಗಾಲಿನಲ್ಲಿ ಕೂತು, ಓರೆಯಾಗಿ ಬಿಸಿಲಿಗೆ ನೋಡಿದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

‘ಕಾಣತೈತೇನ್ರೀ ಏಜೆಂಟ್ರಾ?’

ಕಂಡಿತು. ಅಂಟಿಸಿದ ಅಕ್ಷರಗಳ ಅಡಿಯಲ್ಲಿ ಬಣ್ಣ ಮಾಸದ ಬೇರೆ ಅಕ್ಷರಗಳ ಆಕಾರ, ನೀರಿನಲ್ಲಿ ತುಸುವೇ ಎದ್ದು ನಿಂತಿತ್ತು.

‘ಹೆಸರು ಕಿತ್ತಾರ. ನೆರಳು ಕೀಳಾಕ ಆಗಿಲ್ಲ’ ಎಂದರು ಮೇಸ್ತ್ರಿ. ಆಮೇಲೆ ಉಳಿದ ನೀರು ಕುಡಿದರು. ಕಂಟ್ರಾಕ್ಟರರು ಮುಖ ಊದಿಸಿಕೊಂಡು ಒಳಗೆ ಹೋದರು. ನನಗೆ ಆ ವ್ಯವಹಾರ ಮುರಿದ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

ಇನ್ನೊಮ್ಮೆ ಸಂಗನಕಲ್ಲಿನ ಗುಡ್ಡದ ಬುಡದಲ್ಲಿ. ನಾಲ್ಕೂ ಗಾಲಿ ಎಳೆಯುತ್ತವೋ ಇಲ್ಲವೋ ನೋಡಲು ಅವರು ಅಲ್ಲಿಗೇ ಒಯ್ಯುತ್ತಿದ್ದರು, ಕಲ್ಲೂ ಇದೆ ಸಡಿಲು ಮಣ್ಣೂ ಇದೆ ಎಂದು. ನಾಲ್ಕು ಗಾಲಿಯ ಎಳೆತಕ್ಕೆ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಹಿಡಿಕೆ ಇರುತ್ತದೆ. ಆ ಗಾಡಿಯಲ್ಲಿ ಅದೂ ಇತ್ತು, ಹಾಕಿದರೆ ಟಕ್ಕೆಂದು ಕೂರುತ್ತಲೂ ಇತ್ತು. ಆದರೆ ಮುಂದಿನ ಗಾಲಿಗಳು ಮಣ್ಣಿನಲ್ಲಿ ಸುಮ್ಮನೆ ನಿಂತಿದ್ದವು. ಮೇಸ್ತ್ರಿ ಕೆಳಗೆ ತೂರಿ ನೋಡಿ ಹೊರಬಂದು, ಬೆನ್ನ ಮಣ್ಣು ಕೊಡವದೆ, ‘ಹಿಡಕಿ ಐತಿ. ಹಿಡಕಿಗೆ ಯಾರೂ ಇಲ್ಲ. ಅನಾಥ ಅದು’ ಎಂದರು. ಅದರ ತುದಿ ಯಾವುದಕ್ಕೂ ಜೋಡಿಸಿರಲಿಲ್ಲ, ನೆಲದ ತಗಡಿಗೆ ಸ್ಪ್ರಿಂಗ್ ಹಾಕಿ ನಿಲ್ಲಿಸಿದ್ದರು. ಆ ದಿನವೆಲ್ಲ ಅವರು ಆ ಹಿಡಿಕೆಯನ್ನು ನೆನೆದು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಂಥ ನಾಲ್ಕಾರು ಸಲ ಅಷ್ಟೇ.

ಈಗ ದೀಪದ ವಿಷಯ ಹೇಳಬೇಕು.

ಇಂಥ ಗಾಡಿಗಳ ಮೇಲಿನ ಮಾಡೆಲ್ಲಿನಲ್ಲಿ ಗಾಳಿಚೀಲಗಳು ಹೆಚ್ಚು. ಡಿಕ್ಕಿಯಾದರೆ ಉಬ್ಬಿ ಎದೆಗೂ ತಲೆಗೂ ಅಡ್ಡ ಬರುತ್ತವೆ. ಚಾವಿ ತಿರುಗಿಸಿದ ಕೂಡಲೇ ಮುಂದೆ ಒಂದು ಕೆಂಪು ದೀಪ ಹತ್ತುತ್ತದೆ, ಕೂತ ಮನುಷ್ಯನ ಎದುರಿಗೆ ಬಲೂನು ಇದ್ದಂಥ ಚಿತ್ರ. ಚೀಲಗಳು ಇದ್ದಲ್ಲೇ ಇದ್ದು ಸರಿಯಾಗಿದ್ದರೆ ಐದಾರು ಎಣಿಸುವಷ್ಟರಲ್ಲಿ ದೀಪ ತಾನೇ ಆರುತ್ತದೆ. ಒಮ್ಮೆ ಡಿಕ್ಕಿಯಾಗಿ ಚೀಲ ಹರಿದು ಹೋದ ಗಾಡಿಯಲ್ಲಿ ಆರುವುದಿಲ್ಲ. ಹೊಸ ಚೀಲಕ್ಕೆ ಬಹಳ ಖರ್ಚಾಗುತ್ತದೆಂದು ಕಳ್ಳರು ಈ ದೀಪದ ವೈರನ್ನು ಎಂಜಿನ್ ಎಣ್ಣೆಯ ದೀಪಕ್ಕೆ ಕಟ್ಟುತ್ತಾರೆ. ಆಗ ಎಂಜಿನ್ ಚಾಲೂ ಆದ ಕೂಡಲೇ ಎರಡೂ ಒಟ್ಟಿಗೆ ಆರುತ್ತವೆ, ನೋಡಿದವರಿಗೆ ಎಲ್ಲ ಸರಿ ಎನಿಸುತ್ತದೆ. ಈ ಮೋಸ ಹಿಡಿಯುವ ದಾರಿ ಒಂದೇ. ಚಾವಿ ತಿರುಗಿಸಬೇಕು, ಎಂಜಿನ್ ಚಾಲೂ ಮಾಡಬಾರದು, ಕಾಯಬೇಕು. ಮೋಸದ ದೀಪವಾದರೆ ಆರದೆ ಉರಿಯುತ್ತಲೇ ಇರುತ್ತದೆ.

ಮೇಸ್ತ್ರಿ ಕಾಯುತ್ತಿದ್ದರು. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಕತ್ತು ಮುಂದೆ ಚಾಚಿ, ಗಟ್ಟಿಯಾಗಿ ತೆಲುಗಿನಲ್ಲಿ ಎಣಿಸುತ್ತಿದ್ದರು. ಅವರು ಹುಡುಗರಾಗಿದ್ದಾಗ ಕೆಲಸ ಕಲಿತದ್ದು ಆದೋನಿಯಲ್ಲಿ. ‘ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು.’ ಐದು ಆರಕ್ಕೆ ಬರುವಾಗ ತೆಲುಗೂ ಕನ್ನಡವೂ ಒಂದೇ ಆಗುತ್ತವೆ. ಆರು ಎನ್ನುವಷ್ಟರಲ್ಲಿ ದೀಪ ಆರಬೇಕು. ‘ಆರು ಅಂದ್ರ ಆರಬೇಕು. ಅಷ್ಟಾ ಮಂತ್ರ’ ಎನ್ನುತ್ತಿದ್ದರು. ಆರದಿದ್ದರೆ ಏಳು ಎಂಟು ಎಣಿಸುತ್ತಿರಲಿಲ್ಲ. ಚಾವಿ ಕಿತ್ತು ಧಣಿಯ ಕೈಗೆ ಕೊಟ್ಟು ಇಳಿದು ಬರುತ್ತಿದ್ದರು. ಉಳಿದದ್ದೆಲ್ಲ ಹೇಗಿದ್ದರೂ ಈ ಪರೀಕ್ಷೆ ಕಡೆಗೆ, ಹೌದು ಎನ್ನುವ ಮೊದಲು.

ಈ ಮಾತಿಗೆ ಅವರಿಗೆ ಮನೆಯಲ್ಲಿ ದಿನವೂ ಬೈಗುಳ. ನಮ್ಮ ಕಡೆ ದೇವರ ಮುಂದಿನ ದೀಪವನ್ನು ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಮೇಸ್ತ್ರಿಯ ಹೆಂಡತಿ ಆದೋನಿ ಕಡೆಯ ಹೆಣ್ಣುಮಗಳು, ಮಡಿವಂತೆ. ಒಮ್ಮೆ ನಾನು ಅವರ ಮನೆಯಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದಾಗ ಅವರು ಹೇಳಿದರು, ‘ಈ ಮನಷ್ಯಾಗ ಬಾಯಾಗ ಒಳ್ಳೆ ಮಾತ ಬರಂಗಿಲ್ಲಪ್ಪ. ಮುಂಜಾನಿ ಎದ್ದರ ಆರತೈತಿ, ಆರಲಿಲ್ಲ, ಇದಾ ಮಾತು. ದೀಪ ಮನಿಯಾಗ ಕೇಳಿಸ್ಕೊಂಡಾವು.’ ಮೇಸ್ತ್ರಿ ತಲೆ ತಗ್ಗಿಸಿ ಮಂಡಕ್ಕಿಯಲ್ಲಿದ್ದ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟರು. ಹೆಂಡತಿಗೆ ಅವರು ಎದುರಾಡಿದ್ದನ್ನು ನಾನು ಕಂಡಿಲ್ಲ. ಆ ಮಾತು ಅವರಿಗೆ ನಾಟಿತ್ತು, ನಾಲ್ಕು ಜನರ ಎದುರು ಪೂಜೆ ಪುನಸ್ಕಾರ ನಡೆಯುವಾಗ ಬಾಯಿ ಬಿಗಿ ಹಿಡಿಯುತ್ತಿದ್ದರು. ಇದು ನನಗೆ ಗೊತ್ತಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರೊಬ್ಬರು ಅಂಥದೊಂದು ಗಾಡಿ ಬೇಕೆಂದು ನನ್ನ ಬೆನ್ನು ಹತ್ತಿದ್ದರು. ಅದಕ್ಕೂ ಮೊದಲು ಅವರಿಗಾಗಿ ಎರಡು ಗಾಡಿ ತಂದಿದ್ದೆ. ಎರಡೂ ಆರರ ಎಣಿಕೆಯಲ್ಲಿ ಬಿದ್ದಿದ್ದವು. ಮೂರನೆಯದು ಹೊರ ರಾಜ್ಯದಿಂದ ಬಂತು, ಬಿಳಿಯದು. ಒಪ್ಪವಾದ ಗಾಡಿ. ಅವತ್ತು ಮುಂಜಾನೆ ಮೇಸ್ತ್ರಿ ಎಲ್ಲ ನೋಡಿದರು. ಅಕ್ಷರದ ಹಿಂದೆ ನೆರಳಿರಲಿಲ್ಲ. ನಂಬರಿನ ಎಂಟುಗಳೆಲ್ಲ ಅಣ್ಣತಮ್ಮಂದಿರೇ. ಸಂಗನಕಲ್ಲಿನ ಬುಡದಲ್ಲಿ ನಾಲ್ಕೂ ಗಾಲಿ ಮಣ್ಣು ಕಿತ್ತವು. ಅದು ತಾನು ಹೇಳಿಕೊಂಡ ಮಾಡೆಲ್ಲೇ ಆಗಿತ್ತು, ಅದರಲ್ಲಿ ಸುಳ್ಳಿರಲಿಲ್ಲ.

ಆದರೆ ಮಾರುವವರ ಡ್ರೈವರು ಬೆಳಗಿನಿಂದ ಎಂಜಿನ್ ಬಂದ್ ಮಾಡಿರಲಿಲ್ಲ. ಬ್ಯಾಟರಿ ಸಪ್ಪಗಿದೆ, ನಿಂತರೆ ಮತ್ತೆ ಹತ್ತುವುದಿಲ್ಲ ಎಂದ. ಮೇಸ್ತ್ರಿ ‘ಕಡೀಕ ನೋಡೋಣ’ ಎಂದರು. ಅವನು ಬಂದ್ ಮಾಡುತ್ತಿಲ್ಲ ಎಂಬುದನ್ನು ನಾನೂ ಗಮನಿಸಿದ್ದೆ. ಗಮನಿಸಿ, ಬೇರೆ ಕಡೆ ನೋಡಿದ್ದೆ.

ಕುರುಗೋಡಿನಲ್ಲಿ ಬಸವಣ್ಣನ ಗುಡಿಯ ಮುಂದೆ ಗಿರಣಿ ಮಾಲೀಕರೂ ಅವರ ಹೆಂಡತಿಯೂ ತಟ್ಟೆ ಹಿಡಿದು ಕಾಯುತ್ತಿದ್ದರು. ಮೇಸ್ತ್ರಿಯ ಹೌದು ಬಾರದೆಯೇ ಅವರು ಹೌದು ಎಂದುಕೊಂಡಿದ್ದರು. ನಾವು ಇಳಿಯುವಷ್ಟರಲ್ಲಿ ಆ ಹೆಣ್ಣುಮಗಳು ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿದರು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಆರತಿ ತಟ್ಟೆಯಲ್ಲಿ ಬತ್ತಿ ಇನ್ನೂ ಉರಿಯುತ್ತಿದ್ದಾಗ ಮೇಸ್ತ್ರಿ ಡ್ರೈವರಿಗೆ ಹೇಳಿದರು, ‘ಒಂದ್ ಸಲ ಬಂದ್ ಮಾಡಪ್ಪ. ದೀಪ ಆರತೈತೇನು ನೋಡ್ತೀನಿ.’

ಆ ಹೆಣ್ಣುಮಗಳ ಮುಖ ಸಣ್ಣಗಾಯಿತು. ಕೈ ತಟ್ಟೆಯ ಬತ್ತಿಗೆ ಮರೆಯಾಗಿ ಹೋಯಿತು. ಅಷ್ಟು ಸಾಕಾಯಿತು ನನಗೆ.

‘ಬಿಡ್ರಿ ಮೇಸ್ತ್ರಿ’ ಎಂದೆ. ‘ಆರತಿ ಎತ್ತ್ಯಾರ. ಈಗ ದೀಪ ಆರೂ ಮಾತು ಆಡಬ್ಯಾಡ್ರಿ. ಹೆಣ್ಣುಮಗಳ ಮನಸಿಗೆ ಹತ್ತತೈತಿ.’

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡರು. ಆಕೆಯ ಕಡೆ ತಿರುಗಿ, ‘ತಪ್ಪಾತು ತಾಯಿ. ಆದ್ರೂ ಒಂದ್ ನಿಮಿಷ...’ ಎಂದರು.

ಆಕೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ‘ನಂದೇನೂ ಇಲ್ಲ ಅಣ್ಣಾ. ಹಿರ್ಯಾರು ನೀವು. ಬೇಕಂದ್ರ ಬಂದ್ ಮಾಡ್ರಿ.’

‘ಬ್ಯಾಡ್ರಿ ಅಕ್ಕಾರ’ ಎಂದವನು ನಾನು. ‘ಪೂಜಿ ಆದ ಗಾಡಿ ಮನಿ ಮುಟ್ಟೂತನಕ ಬಂದ್ ಮಾಡಬಾರದು. ಎಲ್ಲಾ ನೋಡ್ಯಾರ, ಗಾಡಿ ಬಂಗಾರದಂಗ ಐತಿ. ರಾಹುಕಾಲ ಬರತೈತಿ, ಹೊಂಡ್ರಿ.’

ಹಾಗೊಂದು ಪದ್ಧತಿ ನಮ್ಮ ಕಡೆ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದೆ ಎಂಬ ದನಿಯಲ್ಲಿ ಹೇಳಿದೆ, ಎಲ್ಲರೂ ನಂಬಿದರು. ಗಾಡಿಯಲ್ಲಿ ದೋಷವಿದೆಯೆಂದು ನನಗೆ ತಿಳಿದಿತ್ತೇ? ಇಲ್ಲ. ಮೂರನೆಯದೂ ಬಿದ್ದುಹೋದರೆ ಎಂಬ ಅಳುಕು ಇತ್ತು. ತಿಳಿಯದೆ ಇರಲಿ ಎಂದೇ ಬೇಡಿಕೊಂಡೆ. ಮೇಸ್ತ್ರಿ ಒಮ್ಮೆ ಗಾಡಿಯನ್ನೂ ಒಮ್ಮೆ ಆರತಿಯನ್ನೂ ನೋಡಿ, ಹಿಂದಕ್ಕೆ ಸರಿದರು. ನಿಂಬೆಹಣ್ಣು ಒಡೆದು ಗಾಡಿ ಸಿರುಗುಪ್ಪದ ದಾರಿ ಹಿಡಿಯಿತು.

ಎರಡು ತಿಂಗಳಾಗಿರಲಿಲ್ಲ. ಗಂಡ ಹೆಂಡತಿ ಹಚ್ಚೊಳ್ಳಿಯ ನೆಂಟರ ಮನೆಗೆ ಹೊರಟಿದ್ದರು. ಮಟಮಟ ಮಧ್ಯಾಹ್ನ, ಕಾಲುವೆಯ ಪಕ್ಕದ ರಸ್ತೆ. ಭತ್ತದ ಚೀಲ ಹೇರಿದ ಟ್ರಾಕ್ಟರೊಂದು ಅಡ್ಡ ಬಂತು. ಅಂಥ ದೊಡ್ಡ ಡಿಕ್ಕಿಯೇನಲ್ಲ ಎಂದರು ಕಂಡವರು. ಗಿರಣಿ ಮಾಲೀಕರು ಪಕ್ಕೆಲುಬು ಮುರಿದುಕೊಂಡು ಬದುಕಿದರು. ಆಕೆ ಅಲ್ಲಿಯೇ ಹೋದರು. ಎದುರಿನಿಂದ ಏನೂ ಉಬ್ಬಿ ಬರಲಿಲ್ಲ.

ಒಂದು ತಿಂಗಳ ಮೇಲೆ ಗಿರಣಿ ಮಾಲೀಕರು ಷೆಡ್ಡಿಗೆ ಬಂದಾಗ ನಾನೂ ಅಲ್ಲಿದ್ದೆ, ಚಹ ಕುಡಿಯುತ್ತ. ಅವರು ಕೂಗಾಡಲಿಲ್ಲ. ಚೀಲದಿಂದ ಒಂದು ಬಟ್ಟೆಯ ಉಂಡೆ ತೆಗೆದು ಮೇಸ್ತ್ರಿಯ ಮುಂದಿನ ಹಲಗೆಯ ಮೇಲೆ ಇಟ್ಟರು. ಹಸಿರು ಚೌಕಡಿಯ ಹಳೆಯ ಲುಂಗಿಯ ತುಂಡು, ಸುತ್ತಿ ಸುತ್ತಿ ದಾರ ಬಿಗಿದದ್ದು.

‘ಇದು ಒಳಗಿತ್ತು ಮೇಸ್ತ್ರಿ’ ಎಂದರು. ‘ಗಾಳಿಚೀಲ ಇರೂ ಜಾಗದಾಗ. ಆಕಿ ಎದಿ ಮುಂದ.’

ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಚಹದ ಲೋಟದ ಕಡೆ ನೋಡಿದೆ. ಆಮೇಲೆ ಅವರು ಗಿರಣಿ ಮಾಲೀಕರಿಗೆ ಹೇಳಿದರು, ‘ತಪ್ಪು ನಂದಾ ಐತಿ, ಸಾವ್ಕಾರ್ರ. ಎಣಿಸಬೇಕಾಗಿತ್ತು.’ ಏನು ಎಣಿಸುವುದು ಎಂದು ಆ ಮನುಷ್ಯ ಕೇಳಲಿಲ್ಲ. ಎದೆ ಹಿಡಿದುಕೊಂಡು ನಿಧಾನಕ್ಕೆ ಎದ್ದು ಹೋದರು. ಮೇಸ್ತ್ರಿ ನನ್ನ ಹೆಸರು ಎತ್ತಲಿಲ್ಲ, ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನನ್ನನ್ನು ಬೈದಿದ್ದರೆ ನಾನು ಎದುರು ಬೈದು ಹಗುರಾಗುತ್ತಿದ್ದೆ.

ಸುದ್ದಿಗೆ ಕಾಲು ಬೇಕೇ. ಮೇಸ್ತ್ರಿ ನೋಡಿ ಪಾಸು ಮಾಡಿದ ಗಾಡಿ ಎಂಬ ಮಾತು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಹಬ್ಬಿತು. ಷೆಡ್ಡಿನ ಮುಂದೆ ಗಾಡಿ ನಿಲ್ಲುವುದು ತಪ್ಪಿತು. ನನ್ನ ಕೆಲಸಕ್ಕೆ ಮಾತ್ರ ಏನೂ ಆಗಲಿಲ್ಲ. ಗಾಡಿ ನೋಡಿದವನು ನಾನಲ್ಲವಲ್ಲ. ಮೇಸ್ತ್ರಿ ಖಾಲಿ ಷೆಡ್ಡಿಗೆ ದಿನವೂ ಬಂದು ಕೂರುತ್ತಿದ್ದರು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು. ಆ ಬಟ್ಟೆಯ ಉಂಡೆ ಹಲಗೆಯ ಮೇಲೆ ಇದ್ದಲ್ಲೇ ಇತ್ತು. ನಾನು ಮೊದಮೊದಲು ವಾರಕ್ಕೊಮ್ಮೆ ಹೋದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ.

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ನೆನಪು ಅಲ್ಲಲ್ಲಿ ಹರಿಯಿತು. ಹೆಂಡತಿಯೇ ಹೇಳಿ ಕಳಿಸಿದ ಮೇಲೆ ನೋಡಲು ಹೋದೆ. ಗೋಡೆಯ ಪಕ್ಕದ ಮಂಚದಲ್ಲಿ ಮಲಗಿದ್ದರು, ಕಣ್ಣು ಚಾವಣಿಯ ಮೇಲೆ. ತುಟಿ ಅಲುಗುತ್ತಿತ್ತು. ‘ಒಕಟಿ, ರೆಂಡು, ಮೂಡು...’

‘ದಿನಾ ಹಿಂಗಾ’ ಎಂದರು ಆ ತಾಯಿ. ‘ಆರಕ್ಕ ಬಂದು ನಿಂದರತಾರ. ಮತ್ತ ಒಕಟಿಯಿಂದ. ನೀವಾರ ಮಾತಾಡಸ್ರಪ್ಪ.’

ಮಂಚದ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಗುರುತು ಹಿಡಿದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ನಾಲಿಗೆ ದಪ್ಪಗಾಗಿತ್ತು, ಆದರೂ ಮಾತು ತಿಳಿಯುತ್ತಿತ್ತು.

‘ಏಜೆಂಟ್ರಾ. ಸಿರುಗುಪ್ಪದ ಗಾಡಿ. ನಾ ಎಣಿಸಿದ್ನೇನು?’

ಅದೂ ಹರಿದುಹೋಗಿತ್ತು ಅವರ ನೆನಪಿನಲ್ಲಿ, ಅದೊಂದನ್ನೇ ಹುಡುಕುತ್ತಿದ್ದರು. ಗುಡಿಯ ಮುಂದೆ ನಡೆದದ್ದು ತಿಳಿದವನು ಆ ಮನೆಯಲ್ಲಿ ನಾನೊಬ್ಬನೇ. ‘ನೀವು ಕೇಳಿದ್ರಿ, ನಾನು ಬಿಡಲಿಲ್ಲ’ ಎಂಬುದು ಗಂಟಲಿನವರೆಗೆ ಬಂತು. ಹಿಂದೆ ಅವರ ಹೆಂಡತಿ ಲೋಟ ಹಿಡಿದು ನಿಂತಿದ್ದರು. ಸಾಯುವ ಮನುಷ್ಯನಿಗೆ ಸಮಾಧಾನ ಸಿಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ತಾಯಿಯ ಎದುರು ನನಗೆ ಧೈರ್ಯ ಬರಲಿಲ್ಲ.

‘ಎಣಿಸಿದ್ರಿ ಮೇಸ್ತ್ರಿ. ನಾ ಪಕ್ಕದಾಗಾ ನಿಂತಿದ್ದೆ. ಆರು ಅನ್ನೂದ್ರಾಗ ಆರಿತು. ನಿಮ್ಮದೇನೂ ತಪ್ಪಿಲ್ಲ.’

‘ಆರಿತು?’

‘ಆರಿತು.’

ಅವರು ನನ್ನನ್ನು ನೋಡುತ್ತಲೇ ಇದ್ದರು. ಹಿಡಿದ ಕೈ ಸಡಿಲಾಯಿತು.

‘ಹಂಗಾರ ಎಣಿಕಿನಾ ಸುಳ್ಳು’ ಎಂದರು. ‘ಹಂಗಾರ ಎಲ್ಲಾ ಗಾಡೀನೂ...’ ಎಂದವರು ಮಾತು ಮುಗಿಸದೆ ಗೋಡೆಯ ಕಡೆ ಮುಖ ತಿರುಗಿಸಿದರು. ಒಂದು ಗಾಡಿಯ ತಪ್ಪನ್ನು ಹೊತ್ತುಕೊಂಡು ಬದುಕಿದ್ದ ಮನುಷ್ಯನಿಂದ ನಾನು ಅವರ ಇಡೀ ವಿದ್ಯೆಯನ್ನೇ ಕಿತ್ತುಕೊಂಡಿದ್ದೆ. ಅದು ನನಗೆ ತಿಳಿಯಿತು, ಅಲ್ಲಿಯೇ, ಅದೇ ಗಳಿಗೆಯಲ್ಲಿ. ತಿಳಿದೂ ಲೋಟದ ಹಾಲು ಕುಡಿದು ಬಂದೆ.

ಮಣ್ಣಿನ ದಿನ ಅವರ ಮನೆಯಲ್ಲಿ, ಮೇಸ್ತ್ರಿಯನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಆ ತಾಯಿ ನನ್ನನ್ನು ಕಂಡು ಹತ್ತಿರ ಬಂದರು. ಕಣ್ಣು ಒಣಗಿದ್ದವು.

‘ನೀವು ಬಂದು ಹೋದ ಮ್ಯಾಲೆ ಎಣಿಸೂದು ಬಿಟ್ಟುಬಿಟ್ರಪ್ಪ. ಒಂದಿನಾನೂ ಎಣಿಸಲಿಲ್ಲ. ಸಮಾಧಾನ ಆಗಿರಬೇಕು. ಪುಣ್ಯ ಬರತೈತಿ ನಿಮಗ. ಏನ್ ಹೇಳಿದ್ರಿ ಅವರಿಗೆ?’

ನಾನು ದೀಪದ ಕಡೆ ಮುಖ ತಿರುಗಿಸಿದೆ. ಅವರು ಅದನ್ನು ದುಃಖವೆಂದುಕೊಂಡು ನನ್ನ ತೋಳು ಸವರಿದರು.

ನಾಡಿದ್ದು ಅವರ ಹನ್ನೊಂದನೆಯ ದಿನ. ಈ ಹಾಳೆಗಳನ್ನು ಒಯ್ದು ಮೊದಲು ಆ ತಾಯಿಗೆ ಓದಿ ಹೇಳುತ್ತೇನೆ, ಆಮೇಲೆ ಸಿರುಗುಪ್ಪದ ಗಿರಣಿಗೆ ಹೋಗುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಇದು. ಅವತ್ತು ನೀವು ಎಣಿಸಲಿಲ್ಲ, ಮೇಸ್ತ್ರಿ. ಎಣಿಸುತ್ತೇನೆ ಎಂದಿರಿ, ಎರಡು ಸಲ ಎಂದಿರಿ, ನಾನು ಬಿಡಲಿಲ್ಲ. ನಿಮ್ಮ ಎಣಿಕೆ ಸುಳ್ಳಲ್ಲ. ಎಣಿಸಿದ್ದರೆ ಆ ದೀಪ ಆರುತ್ತಿರಲಿಲ್ಲ.